ಮುಖದ ಜಾಗದಲ್ಲಿ ತೂತು

ಹಾಸನದಲ್ಲಿ ಹಳೇ ಫೋಟೋಗಳಿಗೆ, ಸಿನಿಮಾ ಮಿಷಿನ್ನುಗಳಿಗೆ ಅಂತಲೇ ಒಂದು ಮ್ಯೂಸಿಯಂ ಇದೆ. ನಾನು ಒಂದು ಸಲ ಹೋಗಿದ್ದೇನೆ. ಇನ್ನೊಂದು ಸಲ ಯಾರಾದರೂ ಕಾರು ಕಳಿಸಿ ಕರೆದರೂ ಹೋಗುವುದಿಲ್ಲ.

ಹೋಗಿದ್ದು ಅವ್ವನ ಜೊತೆ. ಅವ್ವನಿಗೆ ಅವಳ ಅವ್ವನ ಮುಖ ನೋಡಬೇಕಿತ್ತು. ಸಿಕ್ಕರೆ ಒಂದು ಕಾಪಿ ಮನೆಗೆ ತರಬೇಕಿತ್ತು. ಅಷ್ಟೇ ಕೆಲಸ.

ಅವ್ವನ ತವರು ಹಳೇಕೋಟೆ. ಅಜ್ಜಿ ಸತ್ತಾಗ ಅವ್ವ ಐದೋ ಆರೋ ವರ್ಷದ ಹುಡುಗಿ. ಅಜ್ಜಿಗೆ ಇಪ್ಪತ್ತೈದು ಇದ್ದರೆ ಹೆಚ್ಚು. ಜ್ವರ ಬಂದು ವಾರದೊಳಗೆ ಹೋದಳಂತೆ. ಬದುಕಿದ್ದಾಗ ಅವಳದ್ದೊಂದು ಫೋಟೋ ತೆಗೆಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಆಗ ನಮ್ಮ ಕಡೆ ಸೊಸೆಯರನ್ನು ಸ್ಟುಡಿಯೋಗೆ ಯಾರು ಕರೆದುಕೊಂಡು ಹೋಗುತ್ತಿದ್ದರು? ಸತ್ತ ಮೇಲೆ ಮಾತ್ರ ಸ್ಟುಡಿಯೋದವನೇ ಮನೆಗೆ ಬರುತ್ತಿದ್ದ. ಹೊಳೇನರಸೀಪುರದಿಂದ ಸೈಕಲ್ಲಿನಲ್ಲಿ ಕ್ಯಾಮರಾ ಕಟ್ಟಿಕೊಂಡು ಬಂದನಂತೆ.

ಗಂಡ ಇರುವಾಗಲೇ ಸತ್ತವಳು ಮುತ್ತೈದೆ. ಮುತ್ತೈದೆ ಹೆಣವನ್ನು ಮದುವೆ ಹೆಣ್ಣಿನ ಹಾಗೆ ಸಿಂಗರಿಸುತ್ತಾರೆ. ಅರಿಶಿನ ಹಚ್ಚಿ ಮೀಯಿಸಿ, ಹೊಸ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ತಲೆತುಂಬ ಹೂ ಮುಡಿಸಿ, ಮಡಿಲಕ್ಕಿ ಕಟ್ಟುತ್ತಾರೆ. ಹಣೆಗೆ ದೊಡ್ಡ ಕುಂಕುಮ, ಅದರ ಮೇಲೊಂದು ಕಾಸು. ಅಜ್ಜಿಗೂ ಎಲ್ಲ ಮಾಡಿದರು. ಕುರ್ಚಿಯಲ್ಲಿ ಕೂರಿಸಿದರು. ಬೀಳದ ಹಾಗೆ ಸೆರಗಿನ ಒಳಗಿಂದ ಪಂಚೆ ಬಿಗಿದರು. ಗದ್ದಕ್ಕೆ ಕಟ್ಟಿದ ಬಟ್ಟೆ ಕಾಣಬಾರದು ಅಂತ ದಪ್ಪ ಹಾರ ಹಾಕಿದರು. ಪಕ್ಕದಲ್ಲಿ ಅವ್ವನನ್ನು ನಿಲ್ಲಿಸಿದರು. ಮಾವ, ಅಂದರೆ ಅವ್ವನ ಅಣ್ಣ, ಹೆದರಿಕೊಂಡು ಹುಲ್ಲಿನ ಮೆದೆ ಹಿಂದೆ ಅವಿತಿದ್ದನಂತೆ. ಹಾಗಾಗಿ ಫೋಟೋದಲ್ಲಿ ಅವನಿಲ್ಲ.

ಫೋಟೋ ತೊಳೆದು ತಂದಾಗ ತಾತ ಒಪ್ಪಲಿಲ್ಲವಂತೆ. "ಕಣ್ಮುಚ್ಚಿರೋ ಎಂಡ್ತೀನ ಗ್ವಾಡೆಗ್ ನೇತಾಕ್ಕಂಡು ನಾನೆಂಗಯ್ಯ ಉಣ್ಲಿ? ಕಣ್ ಬುಡ್ಸು" ಅಂದನಂತೆ. ಸ್ಟುಡಿಯೋದವನು ಸಣ್ಣ ಬ್ರಷ್ಷು ತಗೊಂಡು ನೆಗೆಟಿವ್ ಮೇಲೇ ಕಣ್ಣು ಬರೆದು ಹೊಸ ಪ್ರಿಂಟು ಹಾಕಿಕೊಟ್ಟ. ಆಗ ಎಲ್ಲ ಸ್ಟುಡಿಯೋದವರೂ ಹಾಗೆ ಬರೆಯುತ್ತಿದ್ದರು. ಅವ್ವ ಚಿಕ್ಕವಳಿದ್ದಾಗ ನಡುಮನೆಯಲ್ಲಿ ಯಾವ ಮೂಲೆಗೆ ಹೋದರೂ ಆ ಕಣ್ಣು ಅವಳನ್ನೇ ನೋಡುತ್ತಿತ್ತಂತೆ. ಹೆದರಿ ಫೋಟೋಗೆ ಬೆನ್ನು ಹಾಕಿ ಉಣ್ಣುತ್ತಿದ್ದಳಂತೆ.

ಆ ಫೋಟೋ ಗೆದ್ದಲು ತಿಂದು ಎಷ್ಟೋ ವರ್ಷ ಆಯಿತು. ಪಿತೃಪಕ್ಷದಲ್ಲಿ ಎಡೆ ಇಡುವಾಗ ತಾತನ ಫೋಟೋ ಇರುತ್ತದೆ, ಮುತ್ತಾತನ ಫೋಟೋ ಇರುತ್ತದೆ, ಅಜ್ಜಿಯ ಜಾಗದಲ್ಲಿ ಮೊಳೆ ಇರುತ್ತದೆ. ಹೋದ ವರ್ಷ ಎಡೆ ಮುಗಿಸಿ ನಮ್ಮೂರು ಹಿರೀಸಾವೆಗೆ ಬರುವಾಗ ಬಸ್ಸಿನಲ್ಲಿ ಅವ್ವ ನನಗೆ ಹೇಳಿದಳು:

"ಮೊಕ ಮರ್ತೋಯ್ತಾ ಐತೆ ಕಣ್ಲಾ ಮಗ. ಮೂಗುತಿ ಗ್ಯಪ್ತಿಗ್ ಬತ್ತದೆ, ಮೂಗು ಬರಾಕಿಲ್ಲ."

ಈ ವರ್ಷ ಮಾವ ಹೊಳೇನರಸೀಪುರದ ಆ ಸ್ಟುಡಿಯೋ ಹುಡುಕಿಕೊಂಡು ಹೋದ. ಈಗ ಅಲ್ಲಿ ಮೊಬೈಲ್ ಅಂಗಡಿ. ಸ್ಟುಡಿಯೋದವನು ಸತ್ತಿದ್ದಾನೆ. ಅವನ ಮಗ, "ಅಪ್ಪನ್ ನೆಗೆಟಿವ್ ಡಬ್ಬ ಎಲ್ಲಾನೂವೆ ಆಸನ್ದ್ ಮ್ಯೂಸಿಯಮ್ಗೆ ಕೊಟ್ಬುಟ್ಟೆ, ಅಲ್ ಓಗ್ ಕೇಳಿ" ಅಂದ. ಮಾವ ನನಗೆ ಫೋನು ಮಾಡಿದ. ಮಾರನೇ ದಿನ ನಾನು ರಜ ಹಾಕಿದೆ.

ನಾನಿರುವುದು ಚನ್ನರಾಯಪಟ್ಟಣದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಕಂಪ್ಯೂಟರಿನ ಹತ್ತಿರ ಬಿಡುವುದಿಲ್ಲ. ಫ್ರೇಮಿಗೆ ಫ್ಲೆಕ್ಸ್ ಬಡಿಯುವುದು, ಬೋರ್ಡು ಕೊಯ್ಯುವುದು, ಕಂಬಕ್ಕೆ ಕಟ್ಟುವುದು ನನ್ನ ಕೆಲಸ. ಹುಟ್ಟುಹಬ್ಬದ ಮುಖ, ಎಲೆಕ್ಷನ್ ಮುಖ, ಶ್ರದ್ಧಾಂಜಲಿ ಮುಖ. ದಿನವೂ ಮುಖಗಳ ಮೇಲೆ ಮೊಳಕಾಲೂರಿಯೇ ಮೊಳೆ ಹೊಡೆಯುತ್ತೇನೆ. ಫೋಟೋ ನೋಡಿ ಕರಗುವವನಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ಅಂಥವನಿಗೇ ಅವತ್ತು ಒಂದು ಫೋಟೋ ಎದುರು ನಿಲ್ಲಲು ಆಗಲಿಲ್ಲ.

ಅವ್ವ ಮದುವೆಗೆ ಹೊರಡುವವಳ ಹಾಗೆ ಒಳ್ಳೇ ಸೀರೆ ಉಟ್ಟಿದ್ದಳು. ಬ್ಯಾಗಿನಲ್ಲಿ ಕುಂಕುಮದ ಪೊಟ್ಟಣ, ಎರಡು ಮೊಳ ಸೇವಂತಿಗೆ.

"ಅದ್ಯಾಕವ್ವ ಹೂವು? ಅದೇನ್ ದೇವಸ್ಥಾನ್ವಾ?"

"ಅವ್ವನ್ ತಾವ್ಕೆ ಬರೀಕೈಲ್ ಓಗಕಾಯ್ತದಾ? ಸುಮ್ಕೆ ನಡಿಲಾ."

ಮ್ಯೂಸಿಯಂ ಒಂದು ಹಳೇ ಬಂಗಲೆ. ಸುಣ್ಣ ಬಣ್ಣ ಹೊಸದು. ಗೇಟಿನೊಳಗೆ ಹುಲ್ಲುಹಾಸು, ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಬೋರ್ಡು. ಅದರ ಆಚೆ ಆಳೆತ್ತರದ ಇನ್ನೊಂದು ಬೋರ್ಡು, ಅದರ ಸುತ್ತ ಏಳೆಂಟು ಜನ. ಸೆಲ್ಫಿ ಪಾಯಿಂಟ್ ಅಂತ ಮೇಲೆ ಬರೆದಿತ್ತು. ಜಾತ್ರೆಯಲ್ಲಿ ಇಡುತ್ತಾರಲ್ಲ, ರಾಜನ ಮೈ, ಮುಖದ ಜಾಗದಲ್ಲಿ ತೂತು, ಹಿಂದೆ ನಿಂತು ನಾವು ಮುಖ ತೂರಿಸುವುದು, ಆ ತರದ್ದು. ಇಲ್ಲಿ ರಾಜನಿರಲಿಲ್ಲ. ಕುರ್ಚಿಯಲ್ಲಿ ಕೂತ ಹೆಂಗಸಿನ ಕಪ್ಪುಬಿಳುಪು ಮೈ. ಸೀರೆಗೆ ಮಾತ್ರ ಹಸಿರು ಬಣ್ಣ ತುಂಬಿದ್ದರು. ಪಕ್ಕದಲ್ಲಿ ಫ್ರಾಕು ಹಾಕಿದ ಪುಟ್ಟ ಹುಡುಗಿಯ ಮೈ. ದೊಡ್ಡದೊಂದು ತೂತು, ಸಣ್ಣದೊಂದು ತೂತು.

ಕೆಲಸದ ಅಭ್ಯಾಸದಿಂದ ನಾನು ಮೊದಲು ನೋಡಿದ್ದು ಅಂಚನ್ನು. ಒಳ್ಳೇ ದಪ್ಪದ ಬೋರ್ಡು, ಮಿಷಿನ್ನಿನಲ್ಲಿ ಕೊಯ್ದಿದ್ದಾರೆ, ಸುತ್ತು ನುಣುಪಾಗಿ ಬಂದಿದೆ ಅಂದುಕೊಂಡೆ. ಆಮೇಲೆ ಕೆಳಗೆ ಕಣ್ಣು ಹೋಯಿತು. ಹೆಂಗಸಿನ ಎರಡೂ ಕಾಲಿನ ಹೆಬ್ಬೆರಳು ಸೇರಿಸಿ ಬಿಳೀ ದಾರ ಕಟ್ಟಿತ್ತು.

ಕಾಲಿನ ಹೆಬ್ಬೆರಳು ಸೇರಿಸಿ ಯಾರಿಗೆ ಕಟ್ಟುತ್ತಾರೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ತಿರುಗಿ ಅವ್ವನನ್ನು ನೋಡಿದೆ. ಅವಳು ನಿಂತುಬಿಟ್ಟಿದ್ದಳು. ಹೆಂಗಸನ್ನಲ್ಲ, ಫ್ರಾಕನ್ನು ನೋಡುತ್ತಿದ್ದಳು.

"ನಂದು ಕಣ್ಲಾ ಆ ಫ್ರಾಕು. ಜೇಬ್ ಹರ್ದಿತ್ತು. ನೋಡು, ಹರ್ದೈತೆ."

ಅಷ್ಟರಲ್ಲಿ ಒಬ್ಬ ಹುಡುಗ ಹಿಂದಿನಿಂದ ದೊಡ್ಡ ತೂತಿಗೆ ಮುಖ ತೂರಿಸಿದ. ಕಾಲೇಜಿನವನಿರಬೇಕು, ಗಡ್ಡ ಬಿಟ್ಟಿದ್ದ. ಅಜ್ಜಿಯ ಹಾರದ ಮೇಲೆ ಅವನ ಗಡ್ಡ. ನಾಲಿಗೆ ಹೊರಗೆ ಹಾಕಿದ. ಗೆಳೆಯರು ಕೇಕೆ ಹಾಕಿದರು.

"ಲೇ ಮದ್ವೆ ಎಣ್ಣೇ, ವಸಿ ನಾಚ್ಕಳೋ!"

"ಗಂಡ್ ಎಲ್ಲವ್ನಮ್ಮೀ? ಓಡೋದ್ನಾ?"

ಅವ್ವ ಬೋರ್ಡಿನ ಹತ್ತಿರ ಹೋದಳು. ಅವರಲ್ಲೊಬ್ಬ ಅವಳಿಗೆ ದಾರಿ ಬಿಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದ, "ಬನ್ನಿ ಆಂಟಿ, ನೀವೂ ಬನ್ನಿ. ಚಿಕ್ಕ ತೂತು ಖಾಲಿ ಐತೆ."

ನಾನು ಅವನ ಕಡೆ ಹೆಜ್ಜೆ ಇಟ್ಟೆ. ಅವ್ವ ನನ್ನ ಅಂಗಿ ಹಿಡಿದುಕೊಂಡಳು. "ಅವ್ಕೇನ್ ಗೊತ್ತು ಬುಡು. ಏನ್ ಬರ್ದವ್ರೆ ಅಲ್ಲಿ? ಓದು."

ಅವ್ವನಿಗೆ ಓದಲು ಬರುವುದಿಲ್ಲ. ಬೋರ್ಡಿನ ಕೆಳಗಿದ್ದದ್ದನ್ನು ನಾನು ಓದಿ ಹೇಳಿದೆ. 'ಹಾಸನ ಸೀಮೆಯ ಮದುವಣಗಿತ್ತಿ ಮತ್ತು ಆಕೆಯ ತಂಗಿ. ಕಾಲ್ಬೆರಳಿಗೆ ದಾರ ಕಟ್ಟುವುದು ಇಲ್ಲಿನ ಮದುವೆಯ ವಿಶೇಷ ಶಾಸ್ತ್ರ. ನೀವೂ ಮದುವಣಗಿತ್ತಿಯಾಗಿ!'

ಅವ್ವ ಬೋರ್ಡಿಗೆ ಬೆನ್ನು ಹಾಕಿದಳು. "ಒಳ್ಗೆ ಸರ್ಯಾಗಿರೋದು ಇರ್ತದೆ, ನಡಿ" ಅಂದಳು.

ಬಾಗಿಲಲ್ಲಿ ಗಾರ್ಡು ಬ್ಯಾಗು ತೆಗೆಸಿದ. ಸೇವಂತಿಗೆ ಕೈಯಲ್ಲಿ ಎತ್ತಿ ಹಿಡಿದು, "ಇದೆಲ್ಲ ಒಳ್ಗೆ ಬುಡಂಗಿಲ್ಲ ಕಣಮ್ಮ, ಉಳ ಬತ್ತವೆ" ಅಂದು ಕಸದ ಬುಟ್ಟಿಯ ಪಕ್ಕದ ಕುರ್ಚಿ ಮೇಲೆ ಇಟ್ಟ. ನನ್ನ ಫೋನು ನೋಡಿ, "ಫೋಟೋ ತೆಗ್ಯಂಗಿಲ್ಲ" ಅಂದ.

"ಫೋಟೋ ಮ್ಯೂಸಿಯಮ್ನಲ್ಲಿ ಫೋಟೋ ತೆಗ್ಯಂಗಿಲ್ವಾ?"

"ಆಚೆ ಐತಲ್ಲಪ್ಪ, ಸೆಲ್ಫಿ ಪಾಯಿಂಟು. ಅಲ್ಲಿ ಎಷ್ಟ್ ಬೇಕಾದ್ರೂ ತಕ್ಕೋ."

ಒಳಗೆ ಏಸಿ. ಗಾಜಿನ ಪೆಟ್ಟಿಗೆಗಳಲ್ಲಿ ಕ್ಯಾಮರಾಗಳು, ಮುಟ್ಟಬಾರದು. ಮೂಲೆಯಲ್ಲಿ ಟಾಕೀಸಿನ ಹಳೇ ಪ್ರೊಜೆಕ್ಟರು, ತಿರುಗುವುದಿಲ್ಲ. ಒಂದು ಕತ್ತಲೆ ಕೋಣೆಯಲ್ಲಿ ಗೋಡೆ ತುಂಬ ಕಪ್ಪುಬಿಳುಪು ಸಿನಿಮಾ ಓಡುತ್ತಿತ್ತು. ಯಾರೋ ಜನ ಯಾವುದೋ ಬೀದಿಯಲ್ಲಿ ಬರಬರನೆ ನಡೆದು ಹೋಗುತ್ತಾರೆ, ಮತ್ತೆ ಮೊದಲಿಂದ ನಡೆಯುತ್ತಾರೆ. ನೋಡುವವರು ಬೀನ್ ಬ್ಯಾಗಿನ ಮೇಲೆ ಒರಗಿಕೊಂಡು ಮೊಬೈಲು ನೋಡುತ್ತಿದ್ದರು. ಒಬ್ಬ ಗೊರಕೆ ಹೊಡೆಯುತ್ತಿದ್ದ. ಇಷ್ಟಕ್ಕೇ ಇಷ್ಟು ದೊಡ್ಡ ಬಂಗಲೆ.

ಅಜ್ಜಿ ಇದ್ದಿದ್ದು ಕೊನೆಯ ಕೋಣೆಯಲ್ಲಿ. ಗೋಡೆಯ ಮಧ್ಯದಲ್ಲಿ, ದೊಡ್ಡದಾಗಿ, ಗಾಜಿನ ಹಿಂದೆ. ಮೇಲಿಂದ ಹಳದಿ ಬಲ್ಬು ಬಿಟ್ಟಿದ್ದರು.

ನಾನು ಆ ಮುಖವನ್ನು ಮೊದಲ ಸಲ ನೋಡಿದ್ದು. ಉದ್ದ ಮೂಗು, ಒಂದು ಕಡೆಗೆ ವಾಲಿದ ಮೂಗುತಿ. ಹಣೆಯಲ್ಲಿ ಕಾಸು. ಹಾರದ ಸಂದಿಯಲ್ಲಿ ಗದ್ದದ ಬಟ್ಟೆಯ ಅಂಚು ಕಾಣುತ್ತಿತ್ತು. ನೋಡುವವನಿಗೆ ಕಾಣುತ್ತದೆ. ಕಣ್ಣು ಮಾತ್ರ ಬೇರೆ ಯಾರದೋ. ಗೊಂಬೆಗೆ ಬರೆದ ಹಾಗೆ ದುಂಡಗೆ, ಎರಡೂ ಎದುರಿಗಿರುವವರನ್ನು ನೋಡುತ್ತಿವೆ. ಪಕ್ಕದಲ್ಲಿ ನಮ್ಮವ್ವ, ಕಡ್ಡಿಯ ಹಾಗೆ ನಿಂತು, ಅಜ್ಜಿಯ ಬಳೆಯ ಕೈ ಹಿಡಿದುಕೊಂಡಿದ್ದಾಳೆ.

ಅವ್ವ ತುಂಬಾ ಹೊತ್ತು ನಿಂತಳು. ಆಮೇಲೆ ಇನ್ನೂ ಹತ್ತಿರ ಹೋಗಿ, ಕೈ ಎತ್ತಿ, ಗಾಜಿನ ಮೇಲೆ ಬೆರಳುಗಳನ್ನು ಅಡ್ಡ ಇಟ್ಟು ಆ ಎರಡು ಕಣ್ಣು ಮುಚ್ಚಿದಳು.

ಮುಖ ಬದಲಾಗಿಬಿಟ್ಟಿತು. ಹೇಗೆ ಅಂತ ಹೇಳಲು ಬರುವುದಿಲ್ಲ. ಅಲ್ಲಿಯ ತನಕ ಅದು ಫೋಟೋ ಆಗಿತ್ತು. ಈಗ ಸುಸ್ತಾಗಿ ಮಲಗಿದ ಯಾವುದೋ ಹುಡುಗಿಯ ಹಾಗೆ ಕಂಡಿತು.

"ಈಗ ನಮ್ಮವ್ವ" ಅಂದಳು ಅವ್ವ.

"ಏಯ್, ಏಯ್! ಮುಟ್ಬ್ಯಾಡಿ! ಗ್ಲಾಸ್ ಮುಟ್ಬ್ಯಾಡಿ ಅಂತ ಬರ್ದಿಲ್ವಾ?" ಗಾರ್ಡು ಓಡಿ ಬಂದ. ಅವ್ವನ ಕೈ ಹಿಡಿದು ಕೆಳಗಿಳಿಸಿದ. ಜೇಬಿನಿಂದ ಬಟ್ಟೆ ತೆಗೆದು ಅವಳ ಬೆರಳಿನ ಗುರುತು ಒರೆಸಿದ. ಕಣ್ಣು ಮತ್ತೆ ತೆರೆದುಕೊಂಡವು.

"ಅವ್ರ ತಾಯಿ ಕಣಯ್ಯ ಅದು" ಅಂದೆ.

"ಯಾರಾದ್ರೂ ಆಗ್ಲಿ ಕಣಪ್ಪ. ನಂಗ್ ಬಯ್ತಾರೆ."

ಗಲಾಟೆ ಕೇಳಿ ಒಬ್ಬ ಮೇಡಂ ಬಂದರು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕಾಟನ್ ಸೀರೆ, ಒಳ್ಳೇ ಮಾತು. ಈ ಫೋಟೋಗಳನ್ನೆಲ್ಲ ನೋಡಿಕೊಳ್ಳುವವರು ಅವರೇ ಅಂತೆ. ನಾನು ಎಲ್ಲ ಹೇಳಿದೆ. ಇದು ಮದುವೆ ಅಲ್ಲ, ಹೆಣ. ಹುಡುಗಿ ತಂಗಿ ಅಲ್ಲ, ಮಗಳು, ಇಗೋ ಇಲ್ಲೇ ನಿಂತಿದ್ದಾಳೆ. ಕಣ್ಣು ಬರೆದದ್ದು. ದಾರ ಕಟ್ಟಿದ್ದು ಕಾಲು ಬೇರೆಯಾಗಬಾರದು ಅಂತ.

ನಾಚಿಕೆ ಪಡುತ್ತಾರೆ ಅಂದುಕೊಂಡಿದ್ದೆ. ಆ ಮೇಡಂ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು.

"ಅಯ್ಯೋ! ಪೋಸ್ಟ್ ಮಾರ್ಟಮ್ ಪೋರ್ಟ್ರೇಟ್! ನಮ್ಮ ಹತ್ರ ಇದು ಒಂದೂ ಇರ್ಲಿಲ್ಲ. ಅಮ್ಮಾ, ನೀವು ಎಷ್ಟು ದೊಡ್ಡ ವಿಷ್ಯ ಹೇಳಿದ್ರಿ ಗೊತ್ತಾ?"

ಪೋಸ್ಟ್ ಮಾರ್ಟಮ್ ಅಂದ ಕೂಡಲೇ ಅವ್ವ ಹೆದರಿದಳು. "ಕುಯ್ಲಿಲ್ಲ ತಾಯಿ, ನಮ್ಮವ್ವನ್ನ ಯಾರೂ ಕುಯ್ಲಿಲ್ಲ. ಜರ ಬಂದಿತ್ತು."

"ಇಲ್ಲಮ್ಮ, ಅದು ಬೇರೆ. ಸತ್ತ ಮೇಲೆ ತೆಗೆದ ಫೋಟೋಗೆ ಹಾಗಂತಾರೆ" ಅಂದು ಮೇಡಂ ನಕ್ಕರು. ಕುರ್ಚಿ ತರಿಸಿದರು, ನೀರು ತರಿಸಿದರು, ಅವ್ವನ ಕೈ ಹಿಡಿದುಕೊಂಡು ಕೂತರು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬಾಯಿಗೆ ಬಂದ ಹಾಗೆ ಬಯ್ದು ಬರಬಹುದಿತ್ತು.

"ಒಂದ್ ಕಾಪಿ ಬೇಕಿತ್ತು" ಅಂದೆ.

"ಕಾಪಿ ಕೊಡಕ್ಕೆ ಮೇಲಿನವರು ಒಪ್ಪಬೇಕಲ್ಲಪ್ಪ. ಟೈಮ್ ಹಿಡಿಯುತ್ತೆ."

"ಅವ್ರ್ ತಾಯಿ ಫೋಟೋಕ್ಕೆ ಮೇಲ್ನೋರ್ ಯಾರು?"

ಮೇಡಂ ಅವ್ವನ ಕಡೆ ತಿರುಗಿದರು. "ಅಮ್ಮಾ, ಒಂದ್ ಕೆಲಸ ಮಾಡೋಣ. ಇದನ್ನೆಲ್ಲ ನೀವು ಕ್ಯಾಮರಾ ಮುಂದೆ ಹೇಳ್ಬಿಡಿ. ಫೋಟೋ ಪಕ್ಕದಲ್ಲೇ ಟೀವಿ ಇಟ್ಟು ನಿಮ್ಮ ವಿಡಿಯೋ ಹಾಕ್ತೀವಿ. ಆಗ ನೀವು ನಮ್ಮ ಮ್ಯೂಸಿಯಂನವರೇ ಆದ್ರಿ. ಇವತ್ತೇ ಕಾಪಿ ಕೊಡಿಸ್ತೀನಿ."

"ಬ್ಯಾಡ ನಡಿಯವ್ವ" ಅಂದೆ.

ಅವ್ವ ಗೋಡೆಯ ಕಡೆ ನೋಡಿದಳು. "ಕಾಪಿ ಇವತ್ತೇ ಕೊಡ್ತೀರಾ ತಾಯಿ?"

"ಇವತ್ತೇ."

ಅವ್ವ ಸೆರಗು ಸರಿ ಮಾಡಿಕೊಂಡು ಕೂತಳು. ಒಬ್ಬ ಹುಡುಗಿ ಬಂದು ಅವಳ ರವಿಕೆಗೆ ಮೈಕು ಸಿಗಿಸಿದಳು. ಹಿಂದೆ ಫೋಟೋ ಕಾಣಲಿ ಅಂತ ಕುರ್ಚಿಯನ್ನು ಆ ಕಡೆ ಈ ಕಡೆ ಸರಿಸಿದರು. ಮುಖಕ್ಕೆ ಲೈಟು ಬಿಟ್ಟರು. ಅಲ್ಲಾಡಬೇಡಿ ಅಮ್ಮ ಅಂದರು. ಆ ಮಾತು ಕೇಳಿ ಅವ್ವ ಒಂದು ಸಲ ನನ್ನನ್ನು ನೋಡಿದಳು. ಆಮೇಲೆ ಹೇಳಿದಳು:

"ಜರ ಬಂದು ಓದ್ಲು. ಮೀಸಿ ಕೂರ್ಸುದ್ರು. ನನ್ನ ಪಕ್ಕದಲ್ ನಿಲ್ಸುದ್ರು. ಅವ್ವನ್ ಕೈ ಇಡ್ಕೊಂಡೆ. ತಣ್ಗಿತ್ತು. ಬಳೆ ಇನ್ನೂ ತಣ್ಗಿದ್ವು. ಅಲ್ಲಾಡ್ಬ್ಯಾಡ ಅಂದ್ರು. ನಾನು ಅಲ್ಲಾಡ್ಲಿಲ್ಲ. ನಮ್ಮವ್ವನೂ ಅಲ್ಲಾಡ್ಲಿಲ್ಲ. ಅಷ್ಟೇಯ."

ಮೈಕಿನ ಹುಡುಗಿ ಕಣ್ಣೊರೆಸಿಕೊಂಡಳು. ಮೇಡಂ ಬಗ್ಗಿ, ಮೆತ್ತಗೆ ಹೇಳಿದರು, "ತುಂಬಾ ಚೆನ್ನಾಗಿತ್ತಮ್ಮ. ಸ್ವಲ್ಪ ಬೇಗ ಮುಗಿಸ್ಬಿಟ್ರಿ. ಇನ್ನೊಂದ್ ಸಲ ತಗೊಳ್ಳೋಣ. ಈ ಸಲ ನಿಧಾನವಾಗಿ ಆ ದಿನ ನೆನಪಿಸ್ಕೊಳ್ಳಿ. ಕಣ್ಣೀರು ಬಂದ್ರೆ ಒರೆಸ್ಕೋಬೇಡಿ. ಹಾಗೇ ಬರ್ಲಿ."

ಅವ್ವ ರವಿಕೆಯಿಂದ ಮೈಕು ತೆಗೆದು ಆ ಹುಡುಗಿಯ ಕೈಗೆ ಕೊಟ್ಟಳು.

"ಸತ್ತಾಗ ಅತ್ತಾಗೈತೆ ತಾಯಿ. ನಿಮ್ಗೋಸ್ಕರ ಇನ್ನೊಂದ್ ಕಿತ ಸಾಯಕ್ಕೆ ಅವ್ಳು ಬರಾಕಿಲ್ಲ, ಅಳಕ್ಕೆ ನಾನೂ ಬರಾಕಿಲ್ಲ."

"ತಪ್ಪಾಗಿ ತಿಳ್ಕೋಬೇಡಿ ಅಮ್ಮ..."

"ಇಲ್ಲ ಬುಡಿ. ಈಗ ಯೇಳಿದ್ದೂ ಟೀವೀಗ್ ಹಾಕ್ಬ್ಯಾಡಿ. ಆಚೆ ಒಂದು ಬೋರ್ಡ್ ಮಡ್ಗಿದ್ದೀರಲ್ಲ, ತೂತಿಂದು. ಅದನ್ ತಗ್ಸಿ. ಇಷ್ಟ್ ಮಾಡಿ ಸಾಕು."

ಮೇಡಂ ಮುಖದಲ್ಲಿ ನಿಜವಾಗಲೂ ಸಂಕಟ ಇತ್ತು. ಸಂಕಟದಿಂದಲೇ ಹೇಳಿದರು, "ಅದಕ್ಕೇನೇ ಅಮ್ಮ ಜನ ಬರ್ತಿರೋದು. ಅದು ನನ್ ಕೈಲಿಲ್ಲ. ಕೆಳಗಿರೋ ಬರಹ ಖಂಡಿತ ಬದಲಾಯಿಸ್ತೀವಿ."

ಕಾಪಿಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹೊರಗೆ ಹೋಗುವ ದಾರಿ ಒಂದು ಅಂಗಡಿಯೊಳಗಿಂದ ಹಾಯುತ್ತದೆ. ಬೇರೆ ದಾರಿ ಇಲ್ಲ, ಹಾಗೆ ಕಟ್ಟಿದ್ದಾರೆ. ಕ್ಯಾಮರಾ ಆಕಾರದ ಕೀ ಬಂಚು, ಫಿಲ್ಮ್ ಸುರುಳಿ ಚಿತ್ರದ ಟೀ ಶರ್ಟು. ಆ ಕಡೆ ಶೆಲ್ಫಿನಲ್ಲಿ ಸಾಲಾಗಿ ಕಾಫಿ ಮಗ್ಗುಗಳು. ಮಗ್ಗಿನ ಮೇಲೆ ಅಜ್ಜಿ.

ಒಂದಲ್ಲ, ಸಾಲು ತುಂಬ ಅಜ್ಜಿ. ಅಷ್ಟೂ ಅಜ್ಜಿಯರ ಪಕ್ಕದಲ್ಲಿ ಅಷ್ಟೂ ಅವ್ವ. ಎಲ್ಲ ಕಣ್ಣುಗಳೂ ನಮ್ಮನ್ನೇ ನೋಡುತ್ತಿದ್ದವು. ಕೆಳಗೆ 'ಹಾಸನದ ಮದುವಣಗಿತ್ತಿ' ಅಂತ ಬಳ್ಳಿ ಬಳ್ಳಿ ಅಕ್ಷರ. ಹೆಣದ ಮಗ್ಗಿಗೆ ಕಾಫಿ ಬಿಟ್ಟುಕೊಂಡು ಬೆಳಿಗ್ಗೆ ಎದ್ದು ಕುಡಿಯುವ ಜನ ಈ ಊರಲ್ಲಿ ಯಾವ ಮನೆಗಳಲ್ಲಿದ್ದಾರೋ. ಕುಡಿಯುವಾಗ ತುಟಿ ತಾಗುವುದು ಸರಿಯಾಗಿ ಹಣೆಯ ಕಾಸಿನ ಮೇಲೆ. ನನಗೆ ಒಂದು ಕ್ಷಣವೂ ಅಲ್ಲಿ ನಿಲ್ಲಲು ಆಗಲಿಲ್ಲ. ಬಾಗಿಲು ದಾಟಿ ತಿರುಗಿ ನೋಡಿದರೆ ಅವ್ವ ಬಂದಿರಲಿಲ್ಲ. ಒಂದು ಮಗ್ಗು ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅವ್ವ, ಅದ್ನ ಮಡ್ಗು. ಅಸಹ್ಯ."

"ಇದ್ರಲ್ ತೂತಿಲ್ವಲ್ಲೋ ಮಗ."

"ಅದು ಕಾಪಿ ಕುಡ್ಯೋ ಲೋಟ!"

"ಗೊತ್ತು ಕಣ್ಲಾ. ಮೊಕ ಐತೆ. ಇದಕ್ ಯಾವ ಮೇಲ್ನೋರೂ ಬ್ಯಾಡ. ತಕ್ಕೊಡು."

ತೆಗೆದುಕೊಟ್ಟೆ. ಅಂಗಡಿಯ ಹುಡುಗ ಅದನ್ನು ಗುಳ್ಳೆ ಕವರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, "ಮೈಕ್ರೋವೇವ್‌ಗೂ ಇಡ್ಬೋದು ಆಂಟಿ, ಏನೂ ಆಗಲ್ಲ" ಅಂದ.

ಗಾರ್ಡಿನ ಕುರ್ಚಿಯ ಮೇಲೆ ಸೇವಂತಿಗೆ ಇನ್ನೂ ಇತ್ತು. ಅವ್ವ ಅದನ್ನು ಎತ್ತಿಕೊಂಡು ನೇರ ಸೆಲ್ಫಿ ಬೋರ್ಡಿನ ಹತ್ತಿರ ಹೋದಳು. ಈಗ ಅಲ್ಲಿ ಗಂಡ ಹೆಂಡತಿ ಇಬ್ಬರು, ಹೆಂಡತಿಯ ಮುಖ ತೂತಿನಲ್ಲಿ. ಅವರ ಫೋಟೋ ಮುಗಿಯುವ ತನಕ ಅವ್ವ ಕಾದಳು. ಆಮೇಲೆ ಹೂವನ್ನು ದಾರ ಕಟ್ಟಿದ ಹೆಬ್ಬೆರಳುಗಳ ಕೆಳಗೆ ಹುಲ್ಲಿನ ಮೇಲೆ ಇಟ್ಟಳು. ಹುಲ್ಲಿನ ಮೇಲೆ ಕಾಲಿಟ್ಟಿದ್ದಕ್ಕೆ ಗಾರ್ಡು ಸೀಟಿ ಊದಿದ. ಆ ಗಂಡ ಹೆಂಡತಿ, "ಹೂವಿನ ಜೊತೆ ಇನ್ನೂ ಚೆನ್ನಾಗಿ ಬರುತ್ತೆ" ಅಂತ ಮತ್ತೊಂದು ಸಲ ನಿಂತರು.

ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವ ತನಕ ಅವ್ವ ಡಬ್ಬವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ನಾನು ಎಲ್ಲರನ್ನೂ ಬಯ್ಯುತ್ತಿದ್ದೆ. ಮೇಡಮ್ಮನ್ನ, ಗಾರ್ಡನ್ನ, ಡಬ್ಬಗಳನ್ನೆಲ್ಲ ಕೊಟ್ಟುಬಿಟ್ಟ ಸ್ಟುಡಿಯೋದವನ ಮಗನನ್ನ. ಅವ್ವ ಕೇಳಿಸಿಕೊಂಡಳೋ ಇಲ್ಲವೋ.

"ತಂಗಿ ಅಂತ ಬರ್ದವ್ರಲ್ಲ, ನನ್ನ" ಅಂದಳು ನಡುವೆ. "ಈಗ್ ನೋಡುದ್ರೆ ಅವ್ಳೇ ನಂಗ್ ತಂಗಿ ಆಗ್ಬೇಕು. ಮಗ್ಳೇ ಆಗ್ಬೇಕು. ಎಷ್ಟ್ ಸಣ್ಣೋಳು ಕಣ್ಲಾ ಅವ್ಳು. ನಿನ್ ವಯಸ್ನೋಳು."

ನಾನು ಬಯ್ಯುವುದು ನಿಲ್ಲಿಸಿದೆ.

ಪಿತೃಪಕ್ಷಕ್ಕೆ ಮುಂಚೆ ಆ ಬಳ್ಳಿ ಅಕ್ಷರ ತೆಗೆಯಲು ನೋಡಿದೆ. ಅಂಗಡಿಯಿಂದ ಥಿನ್ನರ್ ತಂದು ಉಜ್ಜಿದೆ, ಹೋಗಲಿಲ್ಲ. ಬ್ಲೇಡಿನಲ್ಲಿ ಕೆರೆದೆ, ಗೀರು ಬಿತ್ತು, ಅಕ್ಷರ ಉಳಿಯಿತು. ಒಳ್ಳೇ ಪ್ರಿಂಟು, ಹಾಳಾಗಿ ಹೋಗಲಿ. ಅವ್ವ ಅರಿಶಿನ ಕಲಸಿ ಮದುವಣಗಿತ್ತಿ ಅನ್ನುವ ಅಕ್ಷರಗಳ ಮೇಲೆ ದಪ್ಪಗೆ ಬಳಿದಳು. ಆಗ ಮುಚ್ಚಿತು.

ಅದೇ ವಾರ ನನ್ನ ಜೊತೆ ಫ್ಲೆಕ್ಸ್ ಕಟ್ಟುವ ಅರಕಲಗೂಡಿನ ಗೆಳೆಯ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಅವನಿಗೆ ಈ ಕಥೆ ಗೊತ್ತಿರಲಿಲ್ಲ. ಅಜ್ಜಿಯ ತೂತಿನಲ್ಲಿ ಅವನ ಮುಖ, ಕಣ್ಣು ಮುಚ್ಚಿಕೊಂಡು ಹೆಣದ ಹಾಗೆ ನಾಲಿಗೆ ಕಚ್ಚಿದ್ದಾನೆ. ಕೆಳಗಿನ ಬರಹ ಬದಲಾಗಿತ್ತು. 'ಸಾವಿನ ನಂತರದ ಅಪರೂಪದ ಛಾಯಾಚಿತ್ರ. ನಿಮಗೆ ಧೈರ್ಯವಿದೆಯೇ?' ಮೇಡಂ ಮಾತು ಉಳಿಸಿಕೊಂಡಿದ್ದರು. ನಾನು ಅದನ್ನು ಅವ್ವನಿಗೆ ತೋರಿಸಲಿಲ್ಲ. ಅಳಿಸಿದೆ. ಗೆಳೆಯನ ಜೊತೆ ಮಾತು ಬಿಟ್ಟೆ, ಇವತ್ತಿಗೂ ಯಾಕೆ ಅಂತ ಅವನಿಗೆ ಗೊತ್ತಿಲ್ಲ.

ಹಳೇಕೋಟೆಯಲ್ಲಿ ಎಡೆಯ ದಿನ ಅವ್ವ ಡಬ್ಬ ಬಿಚ್ಚಿ, ತಾತನ ಫೋಟೋದ ಪಕ್ಕ, ಖಾಲಿ ಮೊಳೆಯ ಕೆಳಗೆ, ಮಣೆಯ ಮೇಲೆ ಮಗ್ಗನ್ನು ಇಟ್ಟಳು. ಮಾವ ನೋಡಿ ಹೌಹಾರಿದ.

"ಇದೇನವ್ವಾ ಇದು! ಅವ್ವನ್ನ ಲೋಟದ್ ಮ್ಯಾಲೆ ಕೂರಿಸ್ಕಂಡು ಬಂದಿದ್ದೀಯಾ? ನೆಂಟ್ರು ನೋಡುದ್ರೆ ಉಗಿಯಾಕಿಲ್ವಾ?"

"ಉಗೀಲಿ. ಮೊದ್ಲು ನೀನ್ ನೋಡಣ್ಣ. ಅವತ್ತು ಮೆದೆ ಹಿಂದ್ಕೋಗಿದ್ದಲ್ಲ, ನೀನು ಸರ್ಯಾಗ್ ನೋಡೇ ಇಲ್ಲ."

"ನೋಡಿವ್ನಿ ಬುಡು. ಗ್ವಾಡೆ ಮ್ಯಾಲೆ ಅಷ್ಟ್ ವರ್ಸ ಇರ್ಲಿಲ್ವಾ?"

"ಅದು ಸ್ಟುಡಿಯೋದೋನ್ ಬರ್ದಿದ್ದು ಕಣಣ್ಣ. ಬಾ ಇಲ್ಲಿ."

ಮಾವ ಗೊಣಗುತ್ತಲೇ ಬಂದು ಕುಕ್ಕರಗಾಲಲ್ಲಿ ಕೂತ. ಅವ್ವ ಮಗ್ಗನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಅಡ್ಡ ಇಟ್ಟು, ಎರಡು ಕಣ್ಣನ್ನೂ ಮುಚ್ಚಿ ಅವನ ಮುಖದ ಹತ್ತಿರ ಹಿಡಿದಳು. ಮಾವನ ಗೊಣಗು ನಿಂತಿತು. ಒಳಗಿಂದ ಯಾರೋ ಪಾಯಸ ಸೀಯುತ್ತಿದೆ ಅಂತ ಕೂಗಿದರು. ಇಬ್ಬರೂ ಏಳಲಿಲ್ಲ.

ಅವ್ವ ಹೆಬ್ಬೆರಳು ತೆಗೆಯಲಿಲ್ಲ. ಮುಟ್ಟಬೇಡಿ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.